ನೀಲಿ ಜಿಂಕೆಯ ಮಗ್ಗು

ಹೂಟಗಳ್ಳಿಯ ನಮ್ಮ ಮನೆಯಲ್ಲಿ ಹಾಡಹಗಲೇ ನಡೆದದ್ದಿದು. ನೀವು ನಂಬದಿದ್ದರೆ ನನಗೇ ಸಮಾಧಾನ.

ಯಾವುದೋ ಬಂಗಲೆಯ ಹಳೇ ಸಾಮಾನು ಮಾರುವಾಗ ನನ್ನ ಗಂಡ ಒಂದು ಜರ್ಮನ್ ಬಿಯರ್ ಮಗ್ಗು ಕೊಂಡು ತಂದಿದ್ದರು. ಮಣ್ಣಿನದು, ಮೇಲೆ ಹಾಲುಬಿಳುಪಿನ ಮೆರುಗು, ನೀಲಿ ಬಣ್ಣದ ಜಿಂಕೆ, ತವರದ ಮುಚ್ಚಳ. ಹಿಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ಮುಚ್ಚಳ ಟಕ್ಕೆಂದು ತೆರೆದುಕೊಳ್ಳುತ್ತಿತ್ತು.

ಮಹಾಲಯ ಅಮಾವಾಸ್ಯೆಯ ದಿನ ತೀರಿಹೋದ ಮಾವನವರಿಗೆ ಎಡೆ ಇಡುವಾಗ ಅತ್ತೆ ದಾಕ್ಷಾಯಣಮ್ಮ, "ಅವರಿಗೆ ಕಾಫಿ ಜಾಸ್ತಿ ಬೇಕು ಕಣಮ್ಮ" ಎಂದು ಆ ಮಗ್ಗಿನ ತುಂಬ ಬಿಸಿ ಕಾಫಿ ಸುರಿದು ಮುಚ್ಚಿಟ್ಟರು. ಹಿರಿಯರು ಬಂದು ಉಣ್ಣಲೆಂದು ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ನಿಂತೆವು.

ಒಳಗೆ ಟಕ್ಕೆಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್.

ಬಾಗಿಲು ತೆಗೆದರೆ ಎಲೆಯ ಮೇಲಿನ ವಡೆ ಪಾಯಸ ಇಟ್ಟಂತೆಯೇ ಇದ್ದವು. ಮಗ್ಗು ಮಾತ್ರ ಬರಿದಾಗಿತ್ತು. ಮುಟ್ಟಿದರೆ ಐಸಿನಂತೆ ಕೊರೆಯಿತು. ಅಂಚಿನಲ್ಲಿ ತುಟಿಯ ಒದ್ದೆ ಗುರುತು.

ಅತ್ತೆ ಬಗ್ಗಿ ಆ ಗುರುತನ್ನೇ ನೋಡಿದರು. "ನಿಮ್ ಮಾವ ಯಾವತ್ತೂ ಲೋಟ ಕಚ್ಚಿ ಕುಡಿದೋರಲ್ಲ ಕಣಮ್ಮ. ಎತ್ತೇ ಕುಡೀತಿದ್ದಿದ್ದು."

"ಹಂಗಾದ್ರೆ ಬಂದಿದ್ದು ಯಾರತ್ತೆ?"

"ಯಾರೋ ಏನೋ. ಹೆಸರೇ ಗೊತ್ತಿಲ್ಲದೋರನ್ನ ಹೋಗ್ಬನ್ನಿ ಅಂತ ಹೆಂಗೆ ಕಳ್ಸೋದು?"

ಮಗ್ಗನ್ನು ತೊಳೆದು, ಮುಚ್ಚಳ ಮುಚ್ಚಿ, ಶೋಕೇಸಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ. ಆದರೂ ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯತೊಡಗಿದರೆ ಸಾಕು, ಶೋಕೇಸಿನೊಳಗೆ ಟಕ್ಕೆನ್ನುತ್ತದೆ. ಹೋಗಿ ನೋಡಿದರೆ ಮುಚ್ಚಳ ತೆರೆದಿರುತ್ತದೆ.