ತನ್ನನ್ನೇ ಕರೆಯುತ್ತಿದ್ದ ಫಂಕ್ಷನ್

"ನನ್ನ ಕೋಡ್ ಮುಟ್ಟಬ್ಯಾಡ್ರಿ ಅಂದಿದ್ದೆನಲ್ಲ... ಯಾಕ ಮುಟ್ಟಿದ್ರಿ?"

ಶಿರಿಷಾಳ ದನಿಗೆ ರಾಯದುರ್ಗದ ಆ ಜೀನ್ಸ್ ಕಾರ್ಖಾನೆಯ ಮಹಡಿಯೇ ಸುಮ್ಮನಾಯಿತು.

ಎದುರಿಗೆ ನಿಂತಿದ್ದವನು ಶ್ರೀನಿವಾಸ್. ಮಡಕಶಿರಾ ಕಡೆಯ ಅಮರಾಪುರದವನು, ಅವಳ ಪಕ್ಕದ ಮೇಜಿನಲ್ಲೇ ಕೋಡ್ ಬರೆಯುವವನು.

ಹೊಲಿಗೆ ಮಾಸ್ತರರೆಲ್ಲ ಅವಳ ಪ್ರೋಗ್ರಾಂ ನೋಡಲೆಂದೇ ಬಂದಿದ್ದರು. ಅವಳ ಅಮ್ಮ ಪದ್ಮಾವತಮ್ಮನೂ ತನ್ನ ಹೊಲಿಗೆ ಮಿಷಿನ್ ನಿಲ್ಲಿಸಿ ಬಂದು ಮುಂದೆ ಕೂತಿದ್ದಳು.

ಒಂದು ಆರ್ಡರಿನ ಕೆಳಗೆ ಲಾಟುಗಳು, ಲಾಟಿನ ಕೆಳಗೆ ಮನೆಮನೆಗೆ ಹೊಲಿಯಲು ಹೋದ ಕಟ್ಟುಗಳು. ಮರದಂತೆ ಕವಲೊಡೆದ ಈ ಪಟ್ಟಿಯ ಕೊಂಬೆಕೊಂಬೆಗೂ ಇಳಿದು ಲೆಕ್ಕ ಹೇಳುವ ಫಂಕ್ಷನ್, ಅಂದರೆ ಕೋಡಿನ ತುಣುಕು, ಅವಳದು. ಪ್ರತಿ ಕೊಂಬೆಗೂ ಅದು ತನ್ನನ್ನೇ ಮತ್ತೆ ಕರೆದುಕೊಳ್ಳುತ್ತಿತ್ತು. ಕೆಳಗೆ ಏನೂ ಇಲ್ಲದಾಗ ನಿಲ್ಲಬೇಕಿತ್ತು.

ನಿಂತಿರಲಿಲ್ಲ. ಪರದೆ ಹಾಗೇ ಸ್ತಂಭಿಸಿತ್ತು. ಹಿಂದೆ ಯಾರೋ ನಕ್ಕಿದ್ದರು.

ಶ್ರೀನಿವಾಸ್ ಒಮ್ಮೆ ಪದ್ಮಾವತಮ್ಮನ ಕಡೆ ನೋಡಿ ತಲೆ ತಗ್ಗಿಸಿದ.

"ತಪ್ಪು ನಂದೇ ಕಣ್ರೀ."

ನಾಳೆಯಿಂದ ಬರಬೇಡ ಎಂದ ಮಾಲೀಕ ಲೋಕನಾಥ್. ಶ್ರೀನಿವಾಸ್ ಬ್ಯಾಗು ಹೆಗಲಿಗೆ ಹಾಕಿ ಮೆಟ್ಟಿಲಿಳಿದ.

ಶಿರಿಷಾಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನ ಮೇಲೆ ಸಿಟ್ಟು. ಸೋಮವಾರ ಬಂತೆಂದರೆ ಅವನು ಊರಿಂದ ತರುವ ಬೇಯಿಸಿದ ಕಡಲೆಕಾಯಿ ಮೊದಲು ತನ್ನ ಮೇಜಿಗೇ ಬರಲೆಂದು ಕಾಯುತ್ತಿದ್ದ ತನ್ನ ಮೇಲೂ ಸಿಟ್ಟು...

ಮರುದಿನ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಕೂತಳು. ಫಂಕ್ಷನ್ ಯಾವ ಕೊಂಬೆಗೆ ಹೋಗುತ್ತದೋ ಅದರ ಹೆಸರು ಪರದೆಯ ಮೇಲೆ ಬರುವಂತೆ ಮಾಡಿ ಓಡಿಸಿದಳು.

ಲಾಟು. ಕಟ್ಟು. ಮತ್ತೆ ಅದೇ ಲಾಟು. ಅದೇ ಕಟ್ಟು...

ಅವಳು ಆ ಕಟ್ಟಿನ ದಾಖಲೆ ತೆರೆದಳು. ಹೊಲಿಗೆ ಕೆಟ್ಟು ವಾಪಸ್ಸಾದ ಕಟ್ಟಿನ ಕೆಳಗೆ ಅದರ ಲಾಟನ್ನೇ ಜೋಡಿಸಿದ್ದವಳು ತಾನೇ! ಇದು ಸುತ್ತು ಹೊಡೆಯುತ್ತದೆ ಎಂದು ಶ್ರೀನಿವಾಸ್ ಹಿಂದಿನ ವಾರವೇ ಹೇಳಿದ್ದ. ಅವಳು ರೇಗಿದ್ದಳು. ಆದರೂ ಅವನು, ಒಮ್ಮೆ ನೋಡಿದ ಕೊಂಬೆಗೆ ಮತ್ತೆ ಹೋಗದಂತೆ ತಡೆಯುವ ಸಾಲುಗಳನ್ನು ಸೇರಿಸಿದ್ದ; ಅವನ ಮೇಜಿನ ಕಂಪ್ಯೂಟರಿನಲ್ಲಿ ಉಳಿದಿದ್ದ ನಕಲಿನಲ್ಲಿ ಅವು ಈಗ ಕಂಡವು. ನಿನ್ನೆ ಬೆಳಿಗ್ಗೆ ಅವನು ಮುಟ್ಟಿದ್ದಾನೆಂದು ಕಂಡಕೂಡಲೇ, ಏನು ಬರೆದಿದ್ದಾನೆಂದೂ ಓದದೆ, ತನ್ನ ಹಳೆಯ ಫೈಲನ್ನೇ ಅದರ ಮೇಲೆ ಹಾಕಿದ್ದಳು. ಆ ಸಾಲುಗಳು ಅಳಿಸಿಹೋಗಿದ್ದವು. ಪರದೆ ನಿಂತಾಗ, ಅವನು ಇನ್ನೆಲ್ಲೋ ಕೈ ಹಾಕಿ ಕೆಡಿಸಿದ್ದಾನೆಂದೇ ತಿಳಿದು ಬೈದಿದ್ದಳು.

ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಹೋದ!

ಇದ್ದದ್ದನ್ನು ಇದ್ದಂತೆ ಲೋಕನಾಥನಿಗೂ ಅಮ್ಮನಿಗೂ ಹೇಳಿದಳು. ಮಧ್ಯಾಹ್ನದ ಬಸ್ಸು ಹತ್ತಿದಳು. ಅಮರಾಪುರ ಬರುವಷ್ಟರಲ್ಲಿ ನಾಚಿಕೆಯೆಲ್ಲ ಮತ್ತೆ ಸಿಟ್ಟಾಗಿತ್ತು.

ಶ್ರೀನಿವಾಸ್ ಮನೆ ಮುಂದೆ ರೇಷ್ಮೆ ಹುಳುಗಳಿಗೆ ಸೊಪ್ಪು ಕತ್ತರಿಸುತ್ತಿದ್ದ. ಅವನ ತಾಯಿ ಕಾಟಮ್ಮ, ಬಂದವಳ ಮುಖ ನೋಡಿದವಳೇ ನೀರು ಕೊಟ್ಟು, ಸೊಪ್ಪಿನ ಮಂಕರಿ ಎತ್ತಿಕೊಂಡು ಒಳಗೆ ಹೋದಳು.

"ತಪ್ಪು ನಂದು ಅಂತ ಗೊತ್ತಿತ್ತಲ್ಲ ನಿಮಗ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

ಅವನು ಕುಡುಗೋಲು ಕೆಳಗಿಟ್ಟ. "ನಿಮ್ಮಮ್ಮ ಎದುರಿಗೇ ಕುಂತಿದ್ರು. ಅವರ ಮುಂದೆ ನಿಮ್ಮ ಮುಖ ಬಾಡೋದು ನೋಡಕ್ಕಾಗ್ಲಿಲ್ಲ ಕಣ್ರೀ."

ಅವಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ನನ್ನ ತಪ್ಪು ಹೊತ್ಕೊಂಡು ಹೋಗೋರು ನನಗ ಬ್ಯಾಡ್ರಿ. ಎದುರಿಗೆ ನಿಂತು, ಶಿರಿಷಾ, ಇದು ತಪ್ಪೈತಿ ಅನ್ನೋರು ಬೇಕು. ನಿಮ್ಮನ್ನ ಅಷ್ಟು ಮಂದಿ ಮುಂದ ಬೈದೆ... ರಾತ್ರಿ ಊಟ ಸೇರಲಿಲ್ಲ ನನಗ."

ಈ ಸಲ ಅವನು ತಲೆ ತಗ್ಗಿಸಲಿಲ್ಲ. ಅವಳಷ್ಟೇ ಗಟ್ಟಿಯಾಗಿ ಹೇಳಿದ.

"ಹಂಗಾದ್ರೆ ಕೇಳ್ರಿ. ಓದದೆ ಅಳಿಸಿದ್ದು ತಪ್ಪು. ಕೇಳದೆ ಬೈದಿದ್ದು ಇನ್ನೂ ದೊಡ್ಡ ತಪ್ಪು. ನನಗೂ ಸಿಟ್ಟೈತೆ. ನೀವಂದ್ರೆ ಇಷ್ಟ ಇಲ್ದಿದ್ರೆ ಇಷ್ಟು ಸಿಟ್ಟು ಬರ್ತಿರ್ಲಿಲ್ಲ."

ಶಿರಿಷಾ ಕೆನ್ನೆ ಒರೆಸಿಕೊಂಡಳು. ಅವನ ಪಕ್ಕದ ಕಟ್ಟೆಯ ಮೇಲೆ ಮೆಲ್ಲನೆ ಕುಳಿತಳು.

"ಸೋಮವಾರ ಬರ್ರಿ. ಲೋಕನಾಥ್ ಸಾರೇ ಕರಕೊಂಡು ಬಾ ಅಂದಾರ."

"ಬಂದ್ಮೇಲೆ ಮತ್ತೆ ಜಗಳ ಆಡ್ತೀರಾ?"

"ಆಡ್ತೀನಿ," ಎಂದಳು ಅವಳು, ಅವನ ಸೊಪ್ಪು ಅಂಟಿದ ಕೈ ಹಿಡಿದು. "ನೀವೂ ತಿರುಗಿ ಆಡಬೇಕು."