ಮಣ್ಣಿನ ಪಾಠಕ್ಕೆ ಎಷ್ಟು ದಿನ?

“ಬರಿ ಬೇಟಿ. ಒಂದನೇ ಪಾಠ, ಮಣ್ಣು.”

ಶಿವಕಾಂತಾ ಟಾಕು ಎತ್ತಿದಳೇ ಹೊರತು ಬರೆಯಲಿಲ್ಲ.

“ಮಣ್ಣು ಕಡೀಗಿ ಬರ್ತದಲ್ರೀ ಚಾಚಾ! ಮೊದಲ ಸತುವು ಕರಗಸ್ತೀರಿ. ಅಚ್ಚಿಗಿ ಹೊಯ್ತೀರಿ. ತಿಕ್ಕಿ ನುಣುಪು ಮಾಡ್ತೀರಿ. ಹೂಬಳ್ಳಿ ಬರ್ದು ಕೆತ್ತತೀರಿ, ಬೆಳ್ಳಿ ತಂತಿ ಕೂಡಸ್ತೀರಿ. ಆಮ್ಯಾಲಲ್ಲೇನ್ರೀ ಮಣ್ಣು? ನಾ ದಿನಾ ನೋಡ್ತೇನಿ.”

ಜಹೀರೋದ್ದೀನ ಚಾಚಾ ಗಡ್ಡ ಕೆರೆದುಕೊಂಡರು. ಬಿದ್ರಿ ಕೆಲಸದಲ್ಲಿ ಅವರ ಕೈ ಎಂದರೆ ಬೀದರಿಗೆಲ್ಲ ಹೆಸರು. ಕರೀ ಹೂಜಿಯ ಮೇಲೆ ಬೆಳ್ಳಿಯ ಬಳ್ಳಿ ಹಬ್ಬಿಸುವ ಆ ಕೈಗೆ ಅಕ್ಷರ ಮಾತ್ರ ಬರುತ್ತಿರಲಿಲ್ಲ.

ಹೈದರಾಬಾದಿನಿಂದ ಕಾಗದ ಬಂದು ಎಂಟು ದಿನವಾಗಿತ್ತು. ಕೈಕೆಲಸ ಕಲಿಸುವ ಶಾಲೆಯೊಂದನ್ನು ಸರಕಾರ ತೆರೆಯುತ್ತದಂತೆ. ಒಂದೇ ಒಂದು. ಅದನ್ನು ಬೀದರಿನ ಬಿದ್ರಿಗೆ ಕೊಡಬೇಕೋ, ಭಾಲ್ಕಿಯ ನೇಕಾರರಿಗೆ ಕೊಡಬೇಕೋ ಎಂದು ನೋಡಲು ಸಾಹೇಬರು ಬರುತ್ತಾರೆ. ಮೂರು ವರ್ಷದಲ್ಲಿ ಏನೇನು ಕಲಿಸುತ್ತೀರಿ, ಯಾವ ಪಾಠಕ್ಕೆ ಎಷ್ಟು ದಿನ, ಎಲ್ಲವನ್ನೂ ಉರ್ದುವಿನಲ್ಲಿ ಬರೆದು ಇಟ್ಟಿರಬೇಕು.

ಚಾಚಾಗೆ ಮಕ್ಕಳಿರಲಿಲ್ಲ. ಕಲಿಯಲು ಬಂದವರೂ ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು. ಈ ಶಾಲೆ ಬರದಿದ್ದರೆ ತಮ್ಮ ಕೈಯ ಕೆಲಸ ತಮ್ಮ ಜೊತೆಗೇ ಮುಗಿಯುತ್ತದೆ ಎಂದು ಅವರಿಗೆ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ.

ಅದಕ್ಕೇ ಪಕ್ಕದ ಮನೆಯ ಶಿವಕಾಂತಾಳನ್ನು ಕರೆದಿದ್ದರು. ಅವಳು ಉರ್ದು ಶಾಲೆಯ ನಾಲ್ಕನೇ ಇಯತ್ತೆಯ ಜಾಣೆ. ಗೆರೆ ಹೊಡೆದು ಟೈಮ್‌ಟೇಬಲ್ ಮಾಡುವುದೆಂದರೆ ಅವಳಿಗೆ ಊಟವೂ ಬೇಡ, ನೀರೂ ಬೇಡ. ಅಂಥವಳು ಕಡೆಯ ಕೆಲಸವನ್ನು ಮೊದಲನೇ ಸಾಲಿನಲ್ಲಿ ಬರೆಯುತ್ತಾಳೆಯೇ?

“ನೀ ಓದಿದಾಕಿ,” ಚಾಚಾ ಅಂದರು. “ಸಾಹೇಬರಿಗಿ ಹ್ಯಾಂಗ ಬೇಕೋ ಹಂಗೇ ಬರಿ.”

ಅವಳು ಹಾಗೇ ಬರೆದಳು. ಎಲ್ಲಕ್ಕೂ ಕೆಳಗೆ: ಮೂರನೇ ವರ್ಷ, ಕಪ್ಪು ಮಾಡುವ ಮಣ್ಣು. ದಿನ: ಒಂದು.

ಮರುದಿನ ಟಾಂಗಾ ಬಂದು ನಿಂತಿತು. ಶಿವರಾಜಪ್ಪ ಸಾಹೇಬರು ಔರಾದದ ಕಡೆಯವರು, ಮಾತು ಕಡಿಮೆ. ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು.

“ಅಕ್ಷರ ಯಾರದು?”

“ನಂದ್ರೀ,” ಎಂದಳು ಶಿವಕಾಂತಾ.

“ಭೇಷ್!”

ಇವಳು ಹಿಗ್ಗಿ ಹೀರೇಕಾಯಿ ಆದಳು. ಸಾಹೇಬರ ಬೆರಳು ಮಾತ್ರ ಕಡೆಯ ಸಾಲಿನ ಮೇಲೆ ನಿಂತಿತ್ತು.

“ಮಣ್ಣು. ಒಂದು ದಿನ. ಇಷ್ಟು ಸಸಾರ ಇದ್ರ ನೀನೇ ಮಾಡಿ ತೋರಸು ನೋಡೋಣ. ಸಂಜೀ ಒಳಗ ನಾ ಭಾಲ್ಕಿಗಿ ಹೋಗಬೇಕು.”

ಚಾಚಾ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಶಿವಕಾಂತಾ ಬುಟ್ಟಿ ಹಿಡಿದು ಊರ ಹಳೇ ಕೋಟೆಗೆ, ಖಿಲ್ಲೆಯ ಕಡೆಗೆ ಓಡಿಯಾಗಿತ್ತು! ಖಿಲ್ಲೆಯ ಮಣ್ಣಿನಿಂದಲೇ ಬಿದ್ರಿ ಕಪ್ಪಾಗುವುದು ಎಂದು ಬೀದರಿನ ಯಾವ ಮಗುವಿಗೆ ಗೊತ್ತಿಲ್ಲ? ಬಿದ್ದ ಗೋಡೆಯೊಂದರ ಬುಡದಲ್ಲಿ ಬಿಸಿಲಿಗೆ ಹೊಳೆಯುತ್ತಿದ್ದ ನುಣ್ಣನೆಯ ಮಣ್ಣನ್ನು ಬಾಚಿಕೊಂಡು ಬಂದಳು.

ಆ ಮಣ್ಣಿಗೆ ನವಸಾಗರದ ಉಪ್ಪು ಹಾಕಿ, ನೀರು ಹಾಕಿ ಕುದಿಸಿದರು. ಚಾಚಾ ತಿಂಗಳುಗಟ್ಟಲೆ ದುಡಿದು ಮುಗಿಸಿದ್ದ ಎಲೆಅಡಿಕೆ ಡಬ್ಬಿಯನ್ನು ತಂದಿಟ್ಟರು. ತಿಕ್ಕಿ ತಿಕ್ಕಿ ಅದು ಪೂರ್ತಿ ಬಿಳಿಚಿಕೊಂಡಿತ್ತು. ಬೆಳ್ಳಿ ಯಾವುದು, ಸತುವು ಯಾವುದು ಒಂದೂ ತಿಳಿಯುತ್ತಿರಲಿಲ್ಲ. ಶಿವಕಾಂತಾ ಡಬ್ಬಿಯನ್ನು ಬಿಸಿ ಮಾಡಿ, ಮಣ್ಣಿನ ರಾಡಿ ಸವರಿ, ಅರಿವೆಯಿಂದ ಒರೆಸಿದಳು.

ಡಬ್ಬಿ ಬಿಳಿಯಾಗೇ ಇತ್ತು.

ಇನ್ನೊಮ್ಮೆ ಸವರಿದಳು. ಒರೆಸಿದಳು. ಏನೂ ಆಗಲಿಲ್ಲ.

ಸಾಹೇಬರು ಎದ್ದು ಟೋಪಿ ಹಾಕಿಕೊಂಡರು. ಶಿವಕಾಂತಾಳ ಕಣ್ಣು ತುಂಬಿದವು. “ತಪ್ಪು ನಂದ್ರೀ ಸಾಹೇಬ್ರ! ಚಾಚಾ ಮೊದಲೇ ಹೇಳಿದ್ರು, ನಾ ಕೇಳಲಿಲ್ಲ. ಅವರ ಸಾಲಿ ತಪ್ಪಸಬ್ಯಾಡ್ರೀ...”

“ನೀವೊಂದು ಚಾ ಕುಡೀರಿ ಸಾಹೇಬ್ರ,” ಚಾಚಾ ಮೆಲ್ಲಗೆ ಅಂದರು. “ಅಷ್ಟ್ರಾಗ ಬಂದೇ ಬಿಡ್ತೇವಿ.”

ಸಾಹೇಬರು ಇಬ್ಬರ ಮುಖವನ್ನೂ ನೋಡಿ ಮತ್ತೆ ಕುಳಿತರು.

ಚಾಚಾ ಅವಳನ್ನು ಖಿಲ್ಲೆಯೊಳಗಿನ ಒಂದು ಹಳೆಯ ಕೋಣೆಗೆ ಕರೆದೊಯ್ದರು. ಒಳಗೆ ಕತ್ತಲು, ತಂಪು. ಬಾವಲಿಗಳ ವಾಸನೆ. ಅಲ್ಲಿ ಬಿಸಿಲು ಬಿದ್ದು ಎಷ್ಟು ನೂರು ವರ್ಷವಾಗಿತ್ತೋ! ಚಾಚಾ ಒಂದು ಮೂಲೆಯ ಮಣ್ಣನ್ನು ಚಿಟಿಕೆಯಷ್ಟು ನಾಲಿಗೆಗೆ ಇಟ್ಟುಕೊಂಡು ಉಗುಳಿದರು. ಇನ್ನೊಂದು ಮೂಲೆಯದನ್ನೂ ಉಗುಳಿದರು. ಮೂರನೆಯದಕ್ಕೆ ಕಣ್ಣು ಮುಚ್ಚಿದರು.

“ಈಗ ನೀ ನೋಡು.”

ಶಿವಕಾಂತಾ ಮೊದಲು ಬುಟ್ಟಿಯಲ್ಲಿದ್ದ ತನ್ನ ಮಣ್ಣಿನ ರುಚಿ ನೋಡಿದಳು. ಹೊಲದ ಮಣ್ಣಿನಂತೆಯೇ ಸಪ್ಪಗಿತ್ತು. ಚಾಚಾ ಕೊಟ್ಟದ್ದನ್ನು ನಾಲಿಗೆಗೆ ಇಟ್ಟುಕೊಂಡಳು. ಉಪ್ಪುಪ್ಪು. ಆಮೇಲೆ ನಾಲಿಗೆಯ ತುದಿ ಸಣ್ಣಗೆ ಚುರುಗುಟ್ಟಿತು.

“ನೀ ತಂದಿದ್ದು ಮಳಿ ನೋಡಿದ ಮಣ್ಣು. ಅದರ ಜೀವ ತೊಳದು ಹೋಗ್ಯದ.”

“ನೀವು ಇದು ಎಷ್ಟು ದಿನಕ್ಕ ಕಲ್ತೀರಿ ಚಾಚಾ?”

“ನಮ್ಮಪ್ಪ, ಅಬ್ಬಾ, ನನಗ ಎರಡು ವರ್ಸ ಬರೀ ಮಣ್ಣು ತರಾಕ ಕಳಿಸ್ಯಾರ. ತಪ್ಪು ಮಣ್ಣು ತಂದಾಗೆಲ್ಲ ಅಂಗಳಕ್ಕ ಚೆಲ್ಲತಿದ್ರು. ಬೆಳ್ಳಿ ಮುಟ್ಟಗೊಡಲಿಲ್ಲ.” ಚಾಚಾ ನಕ್ಕರು. “ಹಂಗಂತ ನನಗ ಪೂರಾ ಗೊತ್ತಾತಂತ ತಿಳೀಬ್ಯಾಡ. ಹ್ವಾದ ಬ್ಯಾಸಿಗ್ಯಾಗ ಭೀ ಎರಡು ಸಲ ತಪ್ಪೀನಿ.”

ಎರಡು ವರ್ಷ! ಅವಳು ಬರೆದದ್ದು ಒಂದು ದಿನ. ಮಾಡುವಾಗ ಕಡೆಗೆ ಬರುವುದನ್ನು ಕಲಿಯುವಾಗ ಮೊದಲು ಕಲಿಯಬೇಕಾಗಿತ್ತು. ಶಿವಕಾಂತಾಳ ಕಿವಿ ಬಿಸಿಯಾದವು.

ಮತ್ತೆ ಒಲೆ ಹೊತ್ತಿತು, ಮಣ್ಣು ಕುದಿಯಿತು. ಈ ಸಲವೂ ಅವಳ ಕೈಗೇ ಚಾಚಾ ಅರಿವೆ ಕೊಟ್ಟರು. ರಾಡಿ ಸವರಿದಳು, ಒರೆಸಿದಳು.

ಅವಳ ಬೆರಳಿನ ಕೆಳಗೇ ಡಬ್ಬಿ ಕಪ್ಪಾಗತೊಡಗಿತು. ಮೊದಲು ಹೊಗೆಯ ಬಣ್ಣ, ಆಮೇಲೆ ಕಾಡಿಗೆಯ ಕಪ್ಪು. ಆ ಕಪ್ಪಿನೊಳಗಿಂದ ಒಂದು ಬೆಳ್ಳಿಯ ಎಲೆ ಎದ್ದಿತು. ಅದರ ಪಕ್ಕ ಇನ್ನೊಂದು. ಬಳ್ಳಿ ಬಂತು, ಮೊಗ್ಗು ಬಂದವು, ಅರಳಿದ ಹೂಗಳು ಬಂದವು. ಇಷ್ಟು ಹೊತ್ತು ಇವೆಲ್ಲ ಎಲ್ಲಿದ್ದವು? ಅಲ್ಲೇ ಇದ್ದವು, ಅವಳ ಕಣ್ಣಿಗೆ ಕಂಡಿರಲಿಲ್ಲ ಅಷ್ಟೆ. ಮಣ್ಣು ಸತುವನ್ನಷ್ಟೇ ಕಪ್ಪು ಮಾಡಿತ್ತು, ಬೆಳ್ಳಿಯನ್ನು ಮುಟ್ಟಿರಲಿಲ್ಲ.

ದಿನಾ ಈ ಅಂಗಳಕ್ಕೆ ಬರುವ ಶಿವಕಾಂತಾಳಿಗೆ ಉಸಿರು ಬಿಡುವುದೇ ಮರೆತುಹೋಯಿತು. ಸಾಹೇಬರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಆಮೇಲೆ ಅವರೇ ಮೆಲ್ಲಗೆ ಹೇಳಿದರು: “ಹೊಸಾ ಕಾಗದ ತಗೋ ತಂಗಿ. ಇನ್ನೊಮ್ಮಿ ಬರಿ.”

ಅವಳು ಗೆರೆ ಹೊಡೆದಳು. ಮೇಲಿನ ಸಾಲಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಬರೆದಳು: ಮೊದಲನೇ ವರ್ಷ. ಒಂದನೇ ಪಾಠ, ಮಣ್ಣು.

ಉಳಿದ ಪಾಠಗಳನ್ನೆಲ್ಲ ಚಾಚಾ ಹೇಳಿದಂತೆಯೇ ಬರೆದು ಕಾಗದ ಕೊಟ್ಟಳು. ಸಾಹೇಬರು ಓದಿದರು.

“ಇಲ್ಲೊಂದು ಮನಿ ಖಾಲಿ ಬಿಟ್ಟೀಯಲ್ಲ? ಮಣ್ಣಿನ ಮುಂದ, ದಿನ ಎಷ್ಟು?”

ಅವಳು ಚಾಚಾರ ಬೆರಳುಗಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಖಿಲ್ಲೆಯ ಮಣ್ಣು ಇನ್ನೂ ಇತ್ತು.

“ನನಗ ಗೊತ್ತಿಲ್ರೀ ಸಾಹೇಬ್ರ.”

ಶಿವರಾಜಪ್ಪ ಸಾಹೇಬರು ಅವಳ ಕೈಯಿಂದಲೇ ಟಾಕು ಇಸಿದುಕೊಂಡು, ಆ ಮನೆಯನ್ನು ಖಾಲಿ ಇರುವ ಹಾಗೇ ಬಿಟ್ಟು, ಕಾಗದದ ಕೆಳಗೆ ಸಹಿ ಹಾಕಿದರು. ಟಾಂಗಾದವನಿಗೆ, “ಕುದುರಿ ಬಿಚ್ಚು, ಇನ್ನ ಭಾಲ್ಕಿಗಿ ಹೋಗೂ ಕೆಲಸಿಲ್ಲ,” ಎಂದು ಕೂಗಿ ಹೇಳಿದರು.

ಚಾಚಾ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಶಿವಕಾಂತಾ ಮೆಲ್ಲಗೆ ತುಟಿ ಸವರಿಕೊಂಡಳು. ನಾಲಿಗೆಯ ತುದಿಯಲ್ಲಿ ಆ ಚುರುಕು ಇನ್ನೂ ಇತ್ತು.