ಗೊತ್ತಿರುವವರ ಪುಸ್ತಕ

ಸಂದರ್ಶನ ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡದೆ ಕೂರಬೇಕು. ಇದು ನಮ್ಮ ಪತ್ರಿಕೆಯ ರೆಕಾರ್ಡಿಂಗ್ ಕೋಣೆಯ ಪದ್ಧತಿ. ಪ್ರತಿ ಕೋಣೆಗೂ ತನ್ನದೇ ಒಂದು ಮೌನ ಇರುತ್ತದಂತೆ. ಅದನ್ನೂ ಹಿಡಿದಿಟ್ಟುಕೊಂಡರೆ, ಆಮೇಲೆ ಕೆಮ್ಮು, ತೊದಲು ಕತ್ತರಿಸಿದ ಕಡೆ ತೇಪೆ ಹಾಕಲು ಬರುತ್ತದೆ ಎನ್ನುತ್ತಾರೆ ಗಾಜಿನಾಚೆ ಕೂರುವ ಸೌಂಡ್ ಎಂಜಿನಿಯರ್.

ಆ ಒಂದು ನಿಮಿಷದಲ್ಲಿ ಲೇಖಕರು ಏನು ಮಾಡುತ್ತಾರೆ ಎಂಬುದು ನನಗೆ ಬಾಯಿಪಾಠ. ಕೆಲವರು ಉಗುರು ನೋಡಿಕೊಳ್ಳುತ್ತಾರೆ, ಕೆಲವರು ಚಾವಣಿ ನೋಡುತ್ತಾರೆ. ಕವಿಗಳು ಕಣ್ಣು ಮುಚ್ಚುತ್ತಾರೆ. ಅಂದು ಬಂದಿದ್ದ ಈ ಲೇಖಕರು ಮಾತ್ರ ನನ್ನನ್ನೇ ನೋಡಿದರು.

ದುರುಗುಟ್ಟಿಕೊಂಡೇನೂ ನೋಡಲಿಲ್ಲ. ಕಾದಂಬರಿ ಬರೆಯುವುದು ಅವರ ಹವ್ಯಾಸ, ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ. ಕಣ್ಣು ನೋಡುವುದೇ ಕೆಲಸ. ಮೊದಲು ನನ್ನ ಎಡಗಣ್ಣು, ಆಮೇಲೆ ಬಲಗಣ್ಣು, ಆಮೇಲೆ ಎರಡನ್ನೂ ಸೇರಿಸಿ ನೋಡಿದರು. ನಾನು ಮೇಜಿನ ಮೇಲಿದ್ದ ಅವರ ಎರಡನೇ ಕಾದಂಬರಿಯ ಕಡೆ ತಿರುಗಿದೆ. ತಲೆ ಎತ್ತಿದರೆ ಇನ್ನೂ ನೋಡುತ್ತಿದ್ದಾರೆ. ಅಷ್ಟರಲ್ಲಿ ನನ್ನ ಹೊಟ್ಟೆ ಗುರ್ ಎಂದಿತು.

"ಹೊಟ್ಟೆ ರೆಕಾರ್ಡ್ ಆಯ್ತು ಮೇಡಂ," ಎಂದರು ಎಂಜಿನಿಯರ್. "ಇನ್ನೊಂದ್ಸಲ."

ಎರಡನೇ ಸಲ ಲೇಖಕರಿಗೆ ನಗು ತಡೆಯಲಾಗಲಿಲ್ಲ, ಮೂಗಿನಲ್ಲೇ ಬಂದುಬಿಟ್ಟಿತು. ಮೂರನೇ ಸಲ ಇಬ್ಬರೂ ನಗಲೇಬಾರದು ಎಂದು ಹಟ ಹಿಡಿದವರಂತೆ ಒಬ್ಬರನ್ನೊಬ್ಬರು ನೋಡುತ್ತ ಕೂತೆವು. ಅವರ ಬಲಹುಬ್ಬಿನಲ್ಲಿ ಒಂದೇ ಒಂದು ಬಿಳಿ ಕೂದಲಿತ್ತು. ನಾನು ಅದರ ಮೇಲೆ ಕಣ್ಣು ನೆಟ್ಟು ಉಸಿರು ಬಿಗಿಹಿಡಿದೆ.

"ಅಬ್ಬಾ," ಎಂದರು ಎಂಜಿನಿಯರ್. "ಈ ರೂಮಿನ ಮೌನ ತಗೊಳ್ಳೋಕೆ ಇಷ್ಟು ಒದ್ದಾಡಿದ್ದು ಇದೇ ಮೊದಲು."

ಹೊರಗೆ ಬಂದು ಲಿಫ್ಟಿಗೆ ಕಾಯುವಾಗ ಲೇಖಕರು ಮಾತು ತೆಗೆದರು.

"ಕಿಟಕಿ ಬಗ್ಗೆ ಕೇಳ್ತೀರಿ ಅಂದ್ಕೊಂಡಿದ್ದೆ."

ಅವರ ಮೊದಲ ಕಾದಂಬರಿ ಬಂದಾಗ ನಾನೇ ವಿಮರ್ಶೆ ಬರೆದಿದ್ದೆ. 'ಇಲ್ಲಿ ಪಾತ್ರಗಳೆಲ್ಲ ಕಿಟಕಿ ಪಕ್ಕ ನಿಲ್ಲುತ್ತವೆ, ಬಾಗಿಲು ತೆಗೆಯುವವರು ಒಬ್ಬರೂ ಇಲ್ಲ' ಎಂದು ಚುಚ್ಚಿದ್ದೆ. ಕಚೇರಿಯಲ್ಲಿ ಬೆನ್ನ ಹಿಂದೆ ನನ್ನನ್ನು ಒರೆಗಲ್ಲು ಎಂದು ಸುಮ್ಮನೆ ಕರೆಯುವುದಿಲ್ಲ.

"ಏನು ಕೇಳ್ಬೇಕಿತ್ತು?" ಎಂದೆ.

"ಈ ಸಲ ಬಾಗಿಲು ತೆಗೆಸಿದೀನಿ. ನೋಡಿದ್ರಾ ಅಂತ."

"ಅದು ವಿಮರ್ಶೆಯಲ್ಲಿ ಗೊತ್ತಾಗುತ್ತೆ."

"ಕಾಯ್ತೀನಿ." ಅವರು ಲಿಫ್ಟಿನ ಗುಂಡಿಯನ್ನು ಸುಮ್ಮನೆ ಮತ್ತೊಮ್ಮೆ ಒತ್ತಿದರು. "ಮೊದಲನೇದನ್ನ ಪೂರ್ತಿ ಓದಿದ್ದು ಇಬ್ಬರೇ. ನಮ್ಮಮ್ಮ, ಮತ್ತೆ ನೀವು. ಅಮ್ಮ ಚೆನ್ನಾಗಿದೆ ಕಣೋ ಅಂದ್ರು. ನೀವು ನಿಜ ಹೇಳಿದ್ರಿ. ಈಗ ಅಮ್ಮ ಇಲ್ಲ. ಹಾಗಾಗಿ ನೀವೊಬ್ರೇ."

ಲಿಫ್ಟ್ ಬಂತು.

"ಇನ್ನೊಂದು," ಎಂದರು ಒಳಗೆ ಹೋಗುತ್ತ. "ಪ್ರಶ್ನೆ ಓದೋವಾಗ ಹಾಳೆನ ಅಷ್ಟು ದೂರ ಹಿಡೀತೀರಿ. ಕನ್ನಡಕದ ನಂಬರ್ ಬದಲಾಗಿದೆ. ಅಂಗಡಿಗೆ ಬನ್ನಿ."

"ಲೇಖಕರು ಕೊಟ್ರೆ ನಾನು ಕಾಫಿನೂ ಕುಡಿಯಲ್ಲ."

"ಕಾಫಿ ಕೊಡಲ್ಲ. ಬಿಲ್ ಕೊಡ್ತೀನಿ."

ಬಾಗಿಲು ಮುಚ್ಚುವ ತನಕ ಅವರ ಮುಖ ಗಂಭೀರವಾಗಿಯೇ ಇತ್ತು. ನಾನು ಮೆಟ್ಟಿಲಿಳಿದು ಹೋದೆ, ಒಬ್ಬಳೇ ನಗುವುದು ಯಾರಿಗೂ ಕಾಣಬಾರದಲ್ಲ.

ನಮ್ಮ ಪತ್ರಿಕೆಯಲ್ಲಿ ಒಂದು ನಿಯಮವಿದೆ. ಗೊತ್ತಿರುವವರ ಪುಸ್ತಕದ ಬಗ್ಗೆ ಬರೆಯುವಂತಿಲ್ಲ. ನೆಂಟರೋ ಸ್ನೇಹಿತರೋ ಪಕ್ಕದ ಮನೆಯವರೋ, ಯಾರೇ ಆಗಲಿ, ಪುಸ್ತಕ ವಾಪಸ್ ಕೊಟ್ಟುಬಿಡಬೇಕು. ಉಳಿದ ವಿಮರ್ಶಕರಿಗೆ ಇದೊಂದು ದೊಡ್ಡ ತಲೆನೋವು. ನನಗೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅಡ್ಡ ಬಂದಿರಲಿಲ್ಲ. ಗೊತ್ತಿರುವವರು ಅಂತ ಇದ್ದರೆ ತಾನೇ.

ನನ್ನ ಮನೆಯಲ್ಲಿ ಊಟದ ಮೇಜಿಗೆ ಎರಡು ಕುರ್ಚಿ. ಒಂದರ ಮೇಲೆ ವಿಮರ್ಶೆಗೆ ಬಂದ ಪುಸ್ತಕಗಳು ಕೂತಿರುತ್ತವೆ, ಇನ್ನೊಂದರ ಮೇಲೆ ನಾನು. ಸಂಜೆ ಬಾಗಿಲು ಹಾಕಿಕೊಂಡರೆ ಬೆಳಗಾಗುವವರೆಗೆ ನನ್ನ ದನಿ ನನಗೇ ಕೇಳಿಸುವುದಿಲ್ಲ. ಕೇಳಿಸುವುದು ಅಕ್ಕ ಫೋನ್ ಮಾಡಿದಾಗ ಮಾತ್ರ. ಅವಳಿರುವುದು ದೂರದ ಊರಿನಲ್ಲಿ. ಊಟದ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾಳೆ.

"ಇವತ್ತು ಯಾರ ಜೊತೇನೇ ಊಟ?"

"ಒಬ್ಬ ಕಳ್ಳನ ಜೊತೆ," ಎನ್ನುತ್ತೇನೆ, ತಟ್ಟೆಯ ಪಕ್ಕ ಪತ್ತೇದಾರಿ ಕಾದಂಬರಿ ಇದ್ದರೆ. ಇನ್ನೊಂದು ದಿನ ಮುದುಕಿ ರಾಣಿಯ ಜೊತೆ. ಮತ್ತೊಂದು ದಿನ ಹಡಗು ಮುಳುಗಿಸಿಕೊಂಡ ನಾವಿಕನ ಜೊತೆ. ಅಕ್ಕ ಬಿದ್ದು ಬಿದ್ದು ನಗುತ್ತಾಳೆ. ಅವಳು ನಗಲಿ ಎಂದೇ ನಾನು ಹಾಗೆ ಹೇಳುವುದು. ಫೋನ್ ಇಟ್ಟ ಮೇಲೆ ಮನೆ ಮೊದಲಿಗಿಂತ ಖಾಲಿ ಅನ್ನಿಸುತ್ತದೆ. ಅದನ್ನು ಅವಳಿಗೆ ಹೇಳಿಲ್ಲ.

ಸಂದರ್ಶನದ ದಿನ ರಾತ್ರಿ ವಿಮರ್ಶೆಗೆಂದು ಅವರ ಕಾದಂಬರಿಯನ್ನು ಎರಡನೇ ಸಲ ಓದುತ್ತಿದ್ದೆ. ಆರನೇ ಅಧ್ಯಾಯದಲ್ಲಿ, ವರ್ಷಗಟ್ಟಲೆ ಒಳಗೇ ಇದ್ದ ಹೆಂಗಸು ಎದ್ದು ಬಾಗಿಲು ತೆಗೆಯುತ್ತಾಳೆ. ಹೊರಗೆ ಯಾರೂ ಇಲ್ಲ. ಆದರೂ ಮುಚ್ಚುವುದಿಲ್ಲ, ತೆರೆದೇ ಇಟ್ಟು ಒಳಗೆ ಬಂದು ದೀಪ ಹಚ್ಚುತ್ತಾಳೆ. ನಾನು ಪುಸ್ತಕ ಮುಚ್ಚಿದೆ. ಅನ್ನ ಆರಿ ತಣ್ಣಗಾಯಿತು. ನನ್ನನ್ನು ಯಾರೋ ನನ್ನದೇ ಮನೆಯಲ್ಲಿ ನೋಡಿಬಿಟ್ಟಂತೆ ಅನ್ನಿಸಿತು.

ಮರುದಿನ ಅಂಗಡಿಗೆ ಹೋದೆ. ಕಣ್ಣು ತೋರಿಸಲಿಕ್ಕೆ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ.

ಗೋಡೆ ತುಂಬ ಕನ್ನಡಿಗಳು, ಸಾಲು ಸಾಲು ಖಾಲಿ ಫ್ರೇಮುಗಳು. ಹಿಂದೆ ಸಣ್ಣ ಕೋಣೆಯಲ್ಲಿ ಎತ್ತರದ ಕುರ್ಚಿ. ಅವರು ಭಾರದ ಪರೀಕ್ಷೆ ಫ್ರೇಮನ್ನು ನನ್ನ ಮೂಗಿನ ಮೇಲೆ ಕೂರಿಸಿ ಒಂದೊಂದೇ ಗಾಜು ಸಿಕ್ಕಿಸಿದರು.

"ಇದು ಚೆನ್ನಾಗಿದೆಯಾ, ಇದಾ?"

"ಮೊದಲನೇದು."

"ಈಗ? ಇದಾ, ಇದಾ?"

"ಎರಡೂ ಒಂದೇ ಥರ ಇದೆ."

"ಹಾಗೆಲ್ಲ ಬಿಟ್ಕೊಡೋರಲ್ವಲ್ಲ ನೀವು. ಸರಿಯಾಗಿ ನೋಡಿ ಹೇಳಿ."

ಆಮೇಲೆ ಓದುವ ಕಾರ್ಡು ಕೈಗಿಟ್ಟರು. ಬೆಳಗಾಯಿತು, ಹಕ್ಕಿ ಹಾರಿತು, ಹುಡುಗಿ ಶಾಲೆಗೆ ಹೊರಟಳು ಎಂಬಂಥ ಕಥೆ. ಸಾಲು ಇಳಿದಂತೆ ಅಕ್ಷರ ಸಣ್ಣದಾಗುತ್ತಿತ್ತು.

"ಹೇಗಿದೆ?"

"ಶುರು ಪರವಾಗಿಲ್ಲ. ಮಧ್ಯ ತುಂಬ ಎಳೆದಿದ್ದಾರೆ. ಕೊನೇಲಿ ಏನೂ ಸ್ಪಷ್ಟ ಇಲ್ಲ."

ಅವರು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟು ನಕ್ಕರು. ನಗುವಾಗ ಆ ಬಿಳಿ ಕೂದಲಿನ ಹುಬ್ಬು ಇನ್ನೊಂದಕ್ಕಿಂತ ಮೇಲೇರುತ್ತದೆ. ಇದು ನನಗೆ ಗೊತ್ತಾಗಬಾರದಿತ್ತು.

ಹೊಸ ಫ್ರೇಮಿನ ಅಳತೆ ನೋಡಲು ಅವರು ನನ್ನ ಕಿವಿಯ ಹಿಂದಿನ ಕೂದಲು ಸರಿಸಿದರು. ದಿನಕ್ಕೆ ಹತ್ತಾರು ಜನರಿಗೆ ಮಾಡುವ ಕೆಲಸ, ಬೆರಳು ತಾಕಿದ್ದೂ ಅಷ್ಟಕ್ಕಷ್ಟೆ. ನನ್ನ ಕಣ್ಣು ತುಂಬಿಬಿಟ್ಟಿತು. ನನ್ನ ಮುಖವನ್ನು ಇನ್ನೊಬ್ಬರು ಮುಟ್ಟಿ ಎಷ್ಟು ಕಾಲವಾಗಿತ್ತೋ, ನೆನಪು ಮಾಡಿಕೊಳ್ಳಲು ಹೆದರಿಕೆಯಾಯಿತು.

"ಚುಚ್ಚಿತಾ?"

"ಇಲ್ಲ. ಲೈಟ್ ಜಾಸ್ತಿ ಆಯ್ತು."

ಲೈಟ್ ಅಷ್ಟೇನೂ ಜೋರಾಗಿರಲಿಲ್ಲ. ಅವರು ಲೈಟಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಅದನ್ನು ಆರಿಸಿದರು.

ಹೊರಡುವಾಗ ಬಿಲ್ ಕೊಟ್ಟರು, ಹೇಳಿದಂತೆಯೇ. "ಮುಂದಿನ ವಾರ ಕನ್ನಡಕ ರೆಡಿ ಆಗುತ್ತೆ. ಅಷ್ಟರಲ್ಲಿ ವಿಮರ್ಶೆನೂ ಬಂದಿರುತ್ತೆ, ಅಲ್ವಾ?"

ಮನೆಗೆ ಬಂದು ಬರೆಯಲು ಕೂತೆ. ಹೊಗಳಿ ಒಂದು ಸಾಲು ಬರೆದರೆ, ಇದು ಪುಸ್ತಕಕ್ಕೋ ಆ ಬೆರಳಿಗೋ ಎಂದು ಅನುಮಾನ. ಹೊಡೆದುಹಾಕಿ ತಪ್ಪು ಹುಡುಕಿದರೆ, ಮನಸ್ಸಿನಲ್ಲಿರುವುದನ್ನು ಬಚ್ಚಿಟ್ಟುಕೊಳ್ಳಲು ಹೀಗೆ ಮಾಡುತ್ತಿದ್ದೇನೋ ಎಂದು ಇನ್ನೊಂದು ಅನುಮಾನ. ಅವರಿಗೆ ನನ್ನಿಂದ ಬೇಕಾಗಿದ್ದದ್ದು ಈ ವಿಮರ್ಶೆಯೊಂದೇ. ಅದನ್ನು ಕೊಟ್ಟರೆ ನಿಯಮದಂತೆ ಅವರು ನನಗೆ ಗೊತ್ತಿಲ್ಲದವರು, ಮುಂದೆ ಆ ಅಂಗಡಿಗೆ ನಾನು ಬರಿಯ ಗಿರಾಕಿಯಾಗಿ ಹೋಗಬೇಕು. ಕೊಡದಿದ್ದರೆ ಅವರು ನನ್ನ ಮುಖ ನೋಡುತ್ತಾರೋ ಇಲ್ಲವೋ. ಎರಡು ಸಂಜೆ ಒದ್ದಾಡಿ, ಮೂರನೇ ಬೆಳಿಗ್ಗೆ ಪುಸ್ತಕವನ್ನು ಸಂಪಾದಕರ ಮೇಜಿನ ಮೇಲಿಟ್ಟೆ.

"ಯಾಕಮ್ಮಾ, ಚೆನ್ನಾಗಿಲ್ವಾ?"

"ಚೆನ್ನಾಗಿದೆ ಸರ್."

"ಮತ್ತೆ?"

"ಗೊತ್ತಿರೋರು."

ನಿವೃತ್ತಿಗೆ ಹತ್ತಿರವಾದ ನಮ್ಮ ಸಂಪಾದಕರು ಪೆನ್ನು ಕೆಳಗಿಟ್ಟರು. "ನಿನಗೆ?" ಎಂದರು. "ಗೊತ್ತಿರೋರು?" ನಾನು ನೆಲ ನೋಡಿದೆ. ಅವರು ಪುಸ್ತಕವನ್ನು ಡ್ರಾಯರಿಗೆ ಹಾಕಿಕೊಂಡರು.

ಭಾನುವಾರ ವಿಮರ್ಶೆ ಬಂತು. ಬರೆದವರು ನಮ್ಮಲ್ಲಿ ಸಕ್ಕರೆ ಎಂದು ಹೆಸರಾದ ಸಹೋದ್ಯೋಗಿ. ಯಾವ ಪುಸ್ತಕವನ್ನೂ ತೆಗಳಿದವರಲ್ಲ, ಹೆಚ್ಚಿನವನ್ನು ಓದಿದವರೂ ಅಲ್ಲ. 'ಕಡಲಿನ ಅಲೆಗಳಂತೆ ಮನ ಮುಟ್ಟುವ ಕೃತಿ' ಎಂದಿದ್ದರು. ಮುಖಪುಟದಲ್ಲಿ ಕಡಲಿದೆ ನಿಜ. ಕಾದಂಬರಿಯೊಳಗೆ ಒಂದು ಹನಿಯೂ ಇಲ್ಲ.

ಕನ್ನಡಕ ತರಲು ಹೋಗದೇ ಇದ್ದುಬಿಡೋಣ ಎಂದುಕೊಂಡೆ. ಆದರೆ ಹೋದೆ.

"ಬನ್ನಿ ಮೇಡಂ, ಕೂತ್ಕೊಳಿ ಮೇಡಂ." ಎಲ್ಲ ಗಿರಾಕಿಗಳಿಗೂ ಸಿಗುವ ದನಿ. ಕನ್ನಡಕವನ್ನು ಬಟ್ಟೆಯಿಂದ ಒರೆಸಿ, ಈ ಸಲ ನನ್ನ ಕೈಗೇ ಕೊಟ್ಟರು. ನಾನೇ ಹಾಕಿಕೊಂಡೆ. ಮೊದಲು ಸ್ಪಷ್ಟವಾಗಿ ಕಂಡದ್ದು ಅವರ ಮುಖ. ಬಿಳಿ ಕೂದಲು ಹುಬ್ಬಿನಲ್ಲಿ ಎರಡಿದ್ದವು. ಕಣ್ಣ ಕೆಳಗೆ ನಿದ್ದೆಗೆಟ್ಟ ಗುರುತಿತ್ತು.

"ಸರಿಯಾಗಿ ಕಾಣ್ತಿದೆಯಾ?"

"ಕಾಣ್ತಿದೆ."

ಅವರು ಖಾಲಿ ಡಬ್ಬಿಯ ಮುಚ್ಚಳ ತೆಗೆದರು, ಮುಚ್ಚಿದರು. "ಅಷ್ಟು ಕೆಟ್ಟದಾಗಿತ್ತಾ?" ಎಂದರು. "ಬೈದಿದ್ರೂ ಸರಿಯಿತ್ತು ಕಣ್ರೀ. ಓದಿ ಬೈದಿದಾರೆ ಅಂತ ಇರ್ತಿತ್ತು. ಈಗ ನೋಡಿ, ಓದದೇ ಹೊಗಳಿದಾರೆ. ಇನ್ನೊಂದು ಬರೆಯೋದು ಯಾರಿಗೋಸ್ಕರ?"

"ಪುಸ್ತಕ ನಾನೇ ವಾಪಸ್ ಕೊಟ್ಟೆ."

"ಅದೇ ಯಾಕೆ ಅಂತ."

"ನಮ್ಮಲ್ಲಿ ಒಂದು ನಿಯಮ ಇದೆ. ಗೊತ್ತಿರೋರ ಪುಸ್ತಕಕ್ಕೆ ನಾವು ವಿಮರ್ಶೆ ಬರೆಯೋ ಹಾಗಿಲ್ಲ."

ಅವರು ಹುಬ್ಬು ಗಂಟಿಕ್ಕಿದರು. "ನಾವು ಅಷ್ಟೇನೂ ಗೊತ್ತಿರೋರಲ್ವಲ್ಲ."

"ಅಲ್ಲ," ಎಂದೆ. "ಆಗ್ಬೇಕು ಅಂತ ಆಸೆ."

ಅಂಗಡಿಯ ಅಷ್ಟೂ ಕನ್ನಡಿಗಳಲ್ಲಿ ನನ್ನ ಮುಖ ಕೆಂಪಾಗಿ ಕಾಣುತ್ತಿತ್ತು. ಅವರು ನನ್ನನ್ನೇ ನೋಡುತ್ತಿದ್ದರು, ನಾನು ಅವರನ್ನು. ಈ ಸಲ ನಗಬಾರದು ಎಂಬ ಹಟ ಇಬ್ಬರಿಗೂ ಇರಲಿಲ್ಲ. ಆದರೂ ನಗು ಬರಲು ಬಹಳ ಹೊತ್ತು ಹಿಡಿಯಿತು. ಮೊದಲು ಅವರ ಬಲಹುಬ್ಬು ಮೇಲೇರಿತು.

"ಅಂದ್ರೆ," ಎಂದರು, "ಇನ್ನು ಮುಂದೆ ನನ್ನ ಯಾವ ಪುಸ್ತಕದ ಬಗ್ಗೆನೂ ನೀವು ಬರೆಯಲ್ಲ."

"ಒಂದು ಸಾಲೂ ಬರೆಯಲ್ಲ."

"ನಷ್ಟ ನನಗೇ."

"ನನಗೇನು ಲಾಭಾನಾ? ಈಚೆಗೆ ಬಂದಿದ್ರಲ್ಲಿ ನಿಮ್ಮದು ಒಳ್ಳೇ ಪುಸ್ತಕ. ನಾಲ್ಕನೇ ಅಧ್ಯಾಯ ಬಿಟ್ಟು."

ಅವರು ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತರು. "ನಾಲ್ಕನೇದಕ್ಕೆ ಏನಾಗಿದೆ?" ಎಂದರು. "ಬರೆಯೋ ಹಾಗಿಲ್ಲ ಅಂದ್ರೆ ಹೇಳೋಹಾಗೂ ಇಲ್ವಾ?"

ಹೇಳಿದೆ. ನಾಲ್ಕನೇದು ಯಾಕೆ ಬೇಡ ಎಂದು ಹೇಳಿದೆ, ಆರನೇದು ಓದಿ ಅನ್ನ ತಣ್ಣಗಾಗಿದ್ದನ್ನೂ ಹೇಳಿದೆ. ನನ್ನ ದನಿ ಅಷ್ಟು ಹೊತ್ತು ನನಗೇ ಕೇಳಿಸಿ ಎಷ್ಟೋ ಕಾಲವಾಗಿತ್ತು. ಅವರು ಎರಡು ಕಡೆ ಜಗಳವಾಡಿದರು, ಒಂದು ಕಡೆ ಒಪ್ಪಿದರು. ಎಂಟನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅಂಗಡಿ ಮುಚ್ಚುವ ಹೊತ್ತಾಯಿತು. ಉಳಿದದ್ದನ್ನು ಹೇಳುತ್ತ ಹೇಳುತ್ತ ನನ್ನ ಮನೆ ತಲುಪಿದೆವು.

ಎರಡನೇ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಅವರೇ ಎತ್ತಿ ನೆಲದ ಮೇಲೆ ಜೋಡಿಸಿದರು. ಅನ್ನ ಬಡಿಸುತ್ತಿದ್ದೆ, ಫೋನ್ ಬಂತು. ಕೈ ಖಾಲಿ ಇರಲಿಲ್ಲ, ಸ್ಪೀಕರಿಗೆ ಹಾಕಿದೆ.

"ಇವತ್ತು ಯಾರ ಜೊತೇನೇ ಊಟ?" ಎಂದಳು ಅಕ್ಕ.

"ಕನ್ನಡಕದ ಅಂಗಡಿಯವರ ಜೊತೆ."

ಅಕ್ಕ ನಗಲು ಶುರು ಮಾಡಿದಳು. "ಅದ್ಯಾವ ಪುಸ್ತಕನೇ? ಹೊಸದಾ?"

"ಪುಸ್ತಕ ಅಲ್ಲ ಅಕ್ಕಾ."

ನಗು ನಿಂತುಹೋಯಿತು. ನಾನು ಹುಟ್ಟಿದಾಗಿನಿಂದ ಅಕ್ಕ ಇಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ಕಂಡಿಲ್ಲ. ಎದುರಿನ ಕುರ್ಚಿಯಲ್ಲಿ ಅವರು ಕೈ ಊರಿಕೊಂಡು, ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅಕ್ಕ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

"ಸರಿಯಾಗಿ ಬಡಿಸೇ ಅವರಿಗೆ," ಎಂದಳು.